ಏಳು ಸಲ

ವರ್ಲಿನ್ ಹ್ಯಾಸ್ಕೆಟ್‌ನ ಏಣಿ ಇನ್ನೂ ನಮ್ಮ ಗ್ಯಾರೇಜಿನಲ್ಲಿದೆ.
ಕೊಟ್ಟುಬರೋಣವೆಂದು ಹೊರಟರೆ ಹಳದಿ ಪಟ್ಟಿ ಅಡ್ಡ.
ಈಗ ಪಟ್ಟಿ ಬಿಚ್ಚಿದ್ದಾರೆ. ಇಸಕೊಳ್ಳುವವರಿಲ್ಲ.

ಮೊಂಟಾನಾದ ತಾಮ್ರದ ಗಣಿಯಲ್ಲಿ ಮೂವತ್ತು ವರ್ಷ
ಸಿಡಿಮದ್ದಿಗೆ ಬತ್ತಿ ಇಟ್ಟು ಕಿವಿ ಕಳಕೊಂಡವನು.
ರಾತ್ರಿ ಎರಡಕ್ಕೆ ಅವನ ಅಡುಗೆಮನೆಯಲ್ಲಿ ನೀಲಿ ಬೆಳಕು;
ಎರಡೇ ಬೆರಳಲ್ಲಿ ಕುಟ್ಟುತ್ತಿದ್ದ
ಜಿಲ್ಲಾ ನ್ಯಾಯಾಧೀಶೆಯ ಹೆಸರು,
ಅವಳ ಕಾರಿನ ಬಣ್ಣ,
‘ಸೋಮವಾರ ಬರ್ತೀನಿ, ಕಾಯ್ತಿರು.’
ಯಾವ ಸೋಮವಾರವೆಂದು ಬರೆದಿರಲಿಲ್ಲ.

ಬೊಗಳೋ ನಾಯಿ ಕಚ್ಚಲ್ಲ ಬಿಡು, ಅಂದ ಆರ್ಲೋ.
ನಾನು ನಾಯಿಗಳ ನಡುವೆ ಬೆಳೆದವಳು.
ನನ್ನನ್ನು ಕಚ್ಚಿದವೆಲ್ಲ ಮೊದಲು ಬೊಗಳಿದ್ದವು.
ಅದನ್ನು ಅಚ್ಚು ತೆಗೆದು, ನಾಲ್ಕಾಗಿ ಮಡಚಿ
ಠಾಣೆಯ ಮೇಜಿನ ಮೇಲಿಟ್ಟು ಬಂದೆ.
ನನ್ನ ಹೆಸರು ಬೇಡ, ಅಂದೆ.
ಬರೆದುಕೊಂಡರು.

ಗುರುವಾರ. ಬೆಳಕು ಹರಿದಿರಲಿಲ್ಲ.
ಆರು ಗಾಡಿ, ಹಿಮದ ಮೇಲೆ ಕೆಂಪು ನೀಲಿ.
ಧ್ವನಿವರ್ಧಕದಲ್ಲಿ ಏಳು ಸಲ ಕೂಗಿದರು, ಎಣಿಸಿದ್ದೇನೆ,
ನಮ್ಮ ಕಿಟಕಿಯ ಗಾಜು ಏಳು ಸಲ ನಡುಗಿತು.
ಗೋಡೆಯ ಮೇಲೆ ಬಣ್ಣ ಕುಣಿದದ್ದು ಕಂಡು ಬಂದನೋ ಏನೋ,
ಒಳಅಂಗಿಯಲ್ಲಿ, ಬರಿಗಾಲಲ್ಲಿ, ಕೈಯಲ್ಲಿ ಬಂದೂಕು.
ನಳಿಕೆ ನೆಲ ನೋಡುತ್ತಿತ್ತು ಎಂದು ನಾನೂ
ಎದೆ ನೋಡುತ್ತಿತ್ತು ಎಂದು ಅವರೂ
ಒಂದೇ ಪುಸ್ತಕದ ಮೇಲೆ ಕೈಯಿಟ್ಟು ಹೇಳಿದೆವು.

ಗುಂಡು ಹಾರಿಸಿದ ಹುಡುಗ ಟೇಟ್ ಲಿಂಡ್‌ಕ್ವಿಸ್ಟ್.
ನಾನು ಶಾಲೆಯ ಬಸ್ಸು ಓಡಿಸುವಾಗ
ಹಿಂದಿನ ಸೀಟಿನಲ್ಲಿ ಮೂಗು ಒರೆಸುತ್ತ ಕೂರುತ್ತಿದ್ದವನು.
ಆಮೇಲೆ ನಮ್ಮ ಬೇಲಿಯ ಬುಡದಲ್ಲಿ ಕೂತು ವಾಂತಿ ಮಾಡಿದ.
ನೀರು ಕೊಟ್ಟೆ. ಲೋಟ ಹಿಂದಕ್ಕೆ ಕೊಡುವಾಗ
‘ಥ್ಯಾಂಕ್ಸ್ ಮ್ಯಾಮ್’ ಅಂದ, ಬಸ್ಸಿಳಿಯುವಾಗಿನ ಹಾಗೆ.

ಚರ್ಚಿನ ಹಾಲಿನಲ್ಲಿ ಒಬ್ಬಳು ವಕೀಲೆ ವಿವರಿಸಿದಳು:
ಬೈಯಬಹುದು. ಹಾಳಾಗಿ ಹೋಗೆಂದು ಶಪಿಸಬಹುದು.
ನಿಜಕ್ಕೂ ಹೆದರುವಂತೆ ಹೆದರಿಸಕೂಡದು. ನಡುವೆ ಒಂದು ಗೆರೆ.
ಎಲ್ಲಿ? ಎಂದು ಯಾರೋ ಕೇಳಿದ್ದಕ್ಕೆ
ಮೇಜಿನ ಮೇಲೆ ಚೆಲ್ಲಿದ್ದ ಕಾಫಿಯಲ್ಲಿ ಬೆರಳದ್ದಿ ಎಳೆದಳು.
ಒಣಗುವ ತನಕ ನಾನು ನೋಡುತ್ತಲೇ ಇದ್ದೆ.

ಹತ್ತನೇ ದಿನ ಅವನ ಸೋದರಸೊಸೆ ಬಂದಳು.
ಮನೆ ಖಾಲಿ ಮಾಡಲು ನಾನೂ ಕೈಹಾಕಿದೆ;
ಏಣಿಯ ಮಾತು ಎತ್ತಲಿಲ್ಲ, ಕಾಗದದ್ದೂ.
ಸಿಂಕಿನ ಪಕ್ಕ ಒಂದು ಸಾಸರು,
ಅದರಲ್ಲಿ ಅವನ ಎರಡು ಕಿವಿಯಂತ್ರ.
ಮಲಗುವಾಗ ತೆಗೆದಿಡುತ್ತಿದ್ದ,
ಆರಿಸುವುದನ್ನು ಮರೆಯುತ್ತಿದ್ದ.
ಎತ್ತಿ ಮುಷ್ಟಿಯಲ್ಲಿ ಮುಚ್ಚಿಕೊಂಡೆ.
ಸಣ್ಣಗೆ ಸಿಳ್ಳೆ ಹಾಕಿತು.