ಮೂವತ್ತೇಳು

ಜೋಡಣೆಯಾಗಿದೆ, ಚಾರ್ಜ್ ಆಗುತ್ತಿಲ್ಲ —
ಬಲಗಡೆಯ ಮೂಲೆಯಲ್ಲಿ ಇಷ್ಟೇ ಬರೆದುಕೊಂಡು
ನನ್ನ ಲ್ಯಾಪ್‌ಟಾಪು ನಿನ್ನೆಯಿಂದ
ಮೂವತ್ತೇಳರಲ್ಲಿ ಕೂತಿದೆ.

ಪ್ಲಗ್ಗು ಬದಲಿಸಿದೆ. ವಯರಿಗೊಂದು ಪೆಟ್ಟು ಕೊಟ್ಟೆ.
ಪಿನ್ನನ್ನು ಪಂಚೆಯ ತುದಿಯಲ್ಲಿ ಒರೆಸಿ ಊದಿದೆ.
ಕರೆಂಟಾಫೀಸಿಗೂ ಸ್ವಲ್ಪ ಬೈದೆ, ಅಭ್ಯಾಸಬಲ.
ಸಾವಿರದ ನಾನೂರು ಕೊಟ್ಟು ಹೊಸ ಚಾರ್ಜರು ತಂದೆ:
ಅದೇ ಮೂವತ್ತೇಳು.

ನಾಳೆ ಹನ್ನೊಂದಕ್ಕೆ ಮಂಜೇಶ್ವರದ ರಿಜಿಸ್ಟ್ರಿ ಕಚೇರಿಯಲ್ಲಿ
ಮೂವರು ಅಕ್ಕತಂಗಿಯರ ಭಾಗಪತ್ರ.
ಚೆಕ್ಕುಬಂದಿ ಅರ್ಧ ಬರೆದಾಗಿದೆ:
ಮೂಡಕ್ಕೆ ಪಂಚಾಯತು ರಸ್ತೆ, ಪಡುವಕ್ಕೆ ರೈಲ್ವೆ ಜಾಗ,
ತೆಂಕಕ್ಕೆ ಕುಂಞಾಲಿಯವರ ಹಿತ್ತಿಲು, ಬಡಗಕ್ಕೆ —
ಬಡಗಕ್ಕೆ ಇನ್ನೂ ಏನೂ ಇಲ್ಲ.

ಹೊಸಂಗಡಿಯಲ್ಲಿ ಗೇಟು ಬಿದ್ದಿತ್ತು.
ಗೂಡ್ಸು ದಾಟುವವರೆಗೆ ಎದೆಗವಚಿಕೊಂಡು ನಿಂತೆ,
ಜ್ವರ ಬಂದ ಮಗುವಿನ ಹಾಗೆ — ಅಲ್ಲ, ಅಷ್ಟು ಪ್ರೀತಿಯೇನಿಲ್ಲ,
ಮೊಟ್ಟೆಯ ಟ್ರೇಯ ಹಾಗೆ.

ಬೇಕರಿಯ ಮೇಲೆ ಮಿಸ್ರಿಯಾಳ ಅಂಗಡಿ.
ಸ್ಕ್ರೂಡ್ರೈವರು ಎತ್ತಲೇ ಇಲ್ಲ ಹುಡುಗಿ.
ಯಾವುದೋ ಪಟ್ಟಿ ತೆರೆದಳು; ಬ್ಯಾಟರಿ ಎಂಬಲ್ಲಿ ಎರಡು ಸಾಲು.
ಒಂದನ್ನು ತೋರಿಸಿ, "ಇದನ್ನು ತೆಗೀತೇನೆ" ಎಂದಳು.
"ಬ್ಯಾಟರಿಯನ್ನೇ?"
"ಬ್ಯಾಟರಿ ಅಲ್ಲಿಯೇ ಉಂಟು ಗಟ್ಟಿಯವರೇ. ಡ್ರೈವರು ಮಾತ್ರ.
ಎರಡರ ನಡುವೆ ಮಾತು ಸರಿಯಾಗಿ ಮುಟ್ಟುವುದಿಲ್ಲ.
ಒಮ್ಮೆ ಹೆಸರು ಅಳಿಸಿದರೆ ತಾನೇ ಹುಡುಕಿ
ಹೊಸದಾಗಿ ಪರಿಚಯ ಮಾಡಿಕೊಳ್ತದೆ."

ಮೂವತ್ತೊಂದು ವರ್ಷದಿಂದ ಆಧಾರ ಬರೆಯುವವನು ನಾನು.
ಹೆಸರು ತೆಗೆದರೂ ವಸ್ತು ಇದ್ದಲ್ಲೇ ಇರುತ್ತದೆಂದು
ನನಗೆ ಹೇಳಬೇಡ ಮಗಳೇ.

ಸೇಸಕ್ಕನ ಮದುವೆಯ ವರ್ಷ ನಮ್ಮ ರೇಷನ್ ಕಾರ್ಡಿನಿಂದ
ಅವಳ ಹೆಸರು ತೆಗೆಸಿದವನು ನಾನೇ, ಬಸ್ಸು ಹಿಡಿದು ಹೋಗಿ.
ಅಲ್ಲಿನ ಕಾರ್ಡಿಗೆ ಸೇರಿಸುವ ಮೊದಲೇ ಭಾವ ಹೋದರು.
ಹಿಂದೆ ಬಂದಳು: ಒಂದು ಟ್ರಂಕು, ಒಂದು ಚೀಟಿ.
ಅಲ್ಲಿಲ್ಲ, ಇಲ್ಲಿಲ್ಲ. ಆರು ವರ್ಷ
ನಮ್ಮದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದಳು.
ಜೋಡಣೆಯಾಗಿತ್ತು,
ಹೇಗೆ ಹೇಳಲಿ.
ಕೊನೆಗೆ ಹೆಸರು ಬಂದದ್ದು ಮಲಯಾಳದಲ್ಲಿ,
ಒಂದು ಅಕ್ಷರ ತಪ್ಪಾಗಿ. ಓದಲು ಬಾರದವಳು
ಬೆರಳಾಡಿಸಿ, ಚೆಂದ ಉಂಟು ಎಂದಳು.

ಮಿಸ್ರಿಯಾ ಒತ್ತಿದಳು. ಸಾಲು ಮಾಯ.
ಯಂತ್ರ ಆರಿಸಿದಳು. ಕೆಳಗಿನಿಂದ ಬನ್ನಿನ ವಾಸನೆ.
ಕಪ್ಪು ಪರದೆಯಲ್ಲಿ ನನ್ನದೇ ಮೂಗು, ಕನ್ನಡಕ.
ಮತ್ತೆ ಎಬ್ಬಿಸಿದಳು. ಅಳಿಸಿದ ಹೆಸರು ಅದೇ ಜಾಗದಲ್ಲಿ,
ಯಾವ ಅರ್ಜಿಯೂ ಇಲ್ಲದೆ, ಸಾಕ್ಷಿಯ ಸಹಿ ಇಲ್ಲದೆ.
ಮೇಲಿಂದ ಕಂಪೆನಿಯ ಹೊಸ ಡ್ರೈವರು:
ಹಸಿರು ಪಟ್ಟಿಯೊಂದು ಬಸವನಹುಳದ ಹಾಗೆ ಹೊರಟಿತು.
"ನಡುವೆ ಕರೆಂಟು ಹೋದರೆ?"
"ಹೋಗಬಾರದು" ಎಂದಳು, ತಿರುಗುವ ಫ್ಯಾನನ್ನೇ ನೋಡುತ್ತ.

ಮೂವತ್ತೇಳು.
ಮೂವತ್ತೇಳು.
ಮೂವತ್ತೆಂಟು.

ಅಷ್ಟಕ್ಕೇ ಜೋರಾಗಿ ನಕ್ಕುಬಿಟ್ಟೆ,
ಪಕ್ಕದ ಟೈಲರು ಇಣುಕಿ ಹೋದ.

ಇನ್ನೂರೈವತ್ತು. ಚಿಲ್ಲರೆಗೆ ತಡಕಾಡುವಾಗ ಕೇಳಿದಳು:
"ಈ ಅಂಗಡಿಗೊಂದು ಬಾಡಿಗೆ ಕರಾರು ಬರೆದುಕೊಡ್ತೀರಾ?
ನಾಲ್ಕು ವರ್ಷ ಆಯ್ತು. ಮಾಲೀಕರು ಶಾರ್ಜಾದಿಂದ
ಮುಂದಿನ ತಿಂಗಳು, ಮುಂದಿನ ತಿಂಗಳು ಅಂತಾರೆ.
ಬೋರ್ಡಿನಲ್ಲಿ ನನ್ನ ಹೆಸರು ಉಂಟು.
ಬೇರೆಲ್ಲಿಯೂ ಇಲ್ಲ."

ಸ್ಟೂಲು ಎಳೆದು ಅಲ್ಲೇ ಕೂತೆ.
ಭಾಗಪತ್ರ ಬದಿಗಿರಲಿ, ರಾತ್ರಿ ಉಂಟಲ್ಲ.
ಮೂಡಕ್ಕೆ ಮೆಟ್ಟಿಲು, ಪಡುವಕ್ಕೆ ಟೈಲರಿನ ಗೋಡೆ,
ತೆಂಕಕ್ಕೆ ಬೇಕರಿಯ ಚಿಮಣಿ.
"ಬಡಗಕ್ಕೆ?"
ಅವಳು ಕಿಟಕಿ ತೆರೆದಳು. ಗೇಟು ಮತ್ತೆ ಬೀಳುತ್ತಿತ್ತು,
ಕಂಬಿಯ ಆಚೆ ಈಚೆ ಬೈಕುಗಳು ಸಾಲಾಗಿ ನಿಲ್ಲುತ್ತಿದ್ದವು.

ನಲವತ್ತೊಂದು.