ಹತ್ತನೇ ರೊಟ್ಟಿ

ಭೋಸರಿಯೊಳಗ ಗುರುವಾರ ಕರೆಂಟ್ ಇರಂಗಿಲ್ಲ,
ಕಾರ್ಖಾನೆಗಳಿಗೆಲ್ಲ ಸೂಟಿ.
ಹಂಗಾಗಿ ಗೇಟಿಗೆ ಚೀಟಿ ಹಚ್ಚಿದ್ದು ಯಾರೂ ನೋಡಲಿಲ್ಲ.
ಶುಕ್ರವಾರ ಡಬ್ಬಿ ಹಿಡಕೊಂಡು ಹೋದ ನನ್ನ ಗಂಡ
ಒಂಬತ್ತಕ್ಕೇ ಹೊಳ್ಳಿ ಬಂದ,
ಡಬ್ಬಿ ಬಿಚ್ಚದೆ ಮಾಡದಾಗ ಇಟ್ಟ,
ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ.
ಹದಿನೇಳು ವರ್ಷ ಬೇರಿಂಗಿಗೆ ಗ್ರೀಸು ತುಂಬಿದ ಕೈ.
ಉಗುರಿನೊಳಗಿನ ಕರಿ
ಕ್ರಿಸ್‌ಮಸ್ಸಿಗೆ ತಿಕ್ಕಿ ತಿಕ್ಕಿ ತೊಳದ್ರೂ ಹೋಗ್ತಿದ್ದಿಲ್ಲ;
ಎರಡು ತಿಂಗಳದಾಗ ತಾನಾಗೇ ಹೋತು.
ಅದನ್ನ ನೋಡಿ ಅತ್ತೆ. ಮುಂದ ಅಳಲಿಲ್ಲ.

ಅಯ್ಯಗಳು ಬಂದ್ರು, ಸೈಕಲ್ ಮೋಟರಿನ ಹಿಂದ
ಸಹಾಯನಿಧಿಯ ಅಕ್ಕಿಚೀಲ ಕಟಗೊಂಡು.
ಪ್ರಾರ್ಥನೆ ಮಾಡಿದ್ರು, ಛಲೋ ಪ್ರಾರ್ಥನೆ.
ನಾ ಅಂದೆ: ಅಯ್ಯಗಳೇ, ಅಕ್ಕಿ ದೀನವ್ವಗ ಕೊಡ್ರಿ,
ಆಕಿಗೆ ಕಣ್ಣಿಲ್ಲ.
ನನಗ ಕೈ ಅದಾವ.
ಅವರ ಮಾರಿ ಸಣ್ಣದಾತು.
ಹೆಮ್ಮಿ ಅಂದ್ಕೊಂಡಿರಬೇಕು.
ಹೌದು ದೇವರೇ, ಹೆಮ್ಮಿನೇ.
ನಿನ್ನ ಮುಂದ ಸುಳ್ಳು ಹೇಳಿ ಎಲ್ಲಿ ಹೋಗ್ಲಿ.

ಬೆಟಗೇರಿಯಿಂದ ತಂದ ಕೊಮಣಿಗಿ ಅಟ್ಟದಿಂದ ಇಳಿಸಿದೆ.
ಹಿಟ್ಟಿನ ಮಡಿಕಿ ಬರಿದಾಗಲಿಲ್ಲಂತ ಯಾವುದೋ ಊರ ವಿಧವೆಗೆ;
ನನ್ನ ಮಡಿಕಿ ಬರಿದಾಕ್ಕೈತಿ ದಿನಾ,
ಗಿರಣಿಯವ ಉದ್ರಿ ಕೊಡಂಗಿಲ್ಲ.
ಮೊದಲ ದಿನ ಇಪ್ಪತ್ತು ರೊಟ್ಟಿ, ಹನ್ನೊಂದು ಖರ್ಚಾದವು.
ಎರಡನೇ ವಾರಕ್ಕ ಅರವತ್ತು.
ಗ್ವಾಡಿ ಕಡೆ ಮಾರಿ ಮಾಡಿದವ
ಒಂದಿನ ಕೇಳದೇ ಎದ್ದು ಶೇಂಗಾ ಹುರದ,
ಹೊತ್ತಿಸಿದ.
ಹೊತ್ತಿದ ಚಟ್ನಿನೂ ಖರ್ಚಾತು.
ಲಾತೂರಿನವರು ಭಾಕರಿ ಅಂತಾರ,
ಬಿಹಾರದವರು ಮೋಟಿ ರೋಟಿ ಅಂತಾರ,
ಹಸಿವಿಗೆ ಹೆಸರು ಯಾತಕ್ಕ.

ನಿನ್ನ ಲೆಕ್ಕ ಮಾತ್ರ ತಪ್ಪಿಸಲಿಲ್ಲ.
ಒಂಬತ್ತು ಬಡದು, ಹತ್ತನೇದು ಬಿಳಿ ಅರಿವ್ಯಾಗ.
ರೊಕ್ಕ ಆಗಿದ್ರ ಕಾಣಿಕಿ ಚೀಲಕ್ಕ ಹಾಕ್ತಿದ್ದೆ,
ರೊಟ್ಟಿ ನಿನಗ ಹ್ಯಾಂಗ ಕಳಿಸ್ಲಿ?
ನೀನೇ ಬಂದು ಒಯ್ಯಿ ಅಂತ ಗಾಡಿ ಮೂಲಿಗೆ ಇಟ್ಟೆ.
ಬಂದಿ.
ಚಿಂದಿ ಆಯೋ ಹುಡುಗಿ ಆಗಿ ಬಂದಿ,
ಕುಡದು ತೂರಾಡೋ ಹಮಾಲ ಆಗಿ ಬಂದಿ,
ಒಮ್ಮೆ ಕುಂಟ ನಾಯಿ ಆಗಿ. ಹಚಾ ಅಂದೆ,
ಆಮ್ಯಾಲ ಯಾಕೋ ಕರದು ಹಾಕಿದೆ.

ಮಳಿಗಾಲದಾಗ ಗಾಡಗೀಳ ಸಾಹೇಬ ಬಂದ,
ಗೇಟಿನ ಚೀಟಿಗೆ ಸಹಿ ಹಾಕಿದವ.
ಇಸ್ತ್ರಿ ಅಂಗಿ. ಕೊಳ್ಳಾಗ ಕಾರ್ಡಿಲ್ಲ.
ರೇಟು ಕೇಳಿದ, ಕಿಸೆ ಮುಟ್ಟಿ ನೋಡಿಕೊಂಡ,
ಆಮ್ಯಾಲೆ ಬರ್ತೀನಿ ಅಂದ.
ನನ್ನ ಗಂಡ ಬಿಳಿ ಅರಿವಿ ಬಿಚ್ಚಿದ.
ನಾ ಮಣಕಟ್ಟು ಹಿಡದೆ, ಗಟ್ಟಿಯಾಗೇ ಹಿಡದೆ.
ಅದು ನಮ್ಮದಲ್ಲಲ್ಲ, ಅಂದ ಅವ,
ಇಷ್ಟೇ ಅಂದ,
ಚಟ್ನಿನೂ ಹಾಕಿ ಕೊಟ್ಟ.
ಆ ರಾತ್ರಿ ನಾ ಪ್ರಾರ್ಥನೆ ಮಾಡಲಿಲ್ಲ. ನಿನಗ ಗೊತ್ತೈತಿ.

ಆಮ್ಯಾಲ ಡೆಂಗಿ ಬಂತು ನನಗ.
ಹನ್ನೊಂದು ದಿನ ಹಂಚು ತಣ್ಣಗ.
ಬಾಜೂಮನಿ ಶೇವಂತಾಬಾಯಿ,
ತುಳಸಿಮಾಲಿಯಾಕಿ, ವಾರಿಗೆ ನಡಕೊಂಡು ಹೋಗಾಕಿ,
ಪೇಪರಿನಾಗ ಸುತ್ತಿದ ಭಾಕರಿ ತಂದ್ಲು.
ನಾಲಿಗಿ ತುದಿಗೆ ಬಂದಿತ್ತು: ನನಗ ಕೈ ಅದಾವ.
ಕೈ ಏಳಲಿಲ್ಲ.
ಆಕಿನೇ ಮುರದು ಬಾಯಾಗ ಇಟ್ಲು,
ಬಿಸಿ ಇತ್ತು, ಅಂಚಿಗೆ ಸ್ವಲ್ಪ ಹಸಿ.
ನಮ್ಮವ್ವ ಸತ್ತ ಮ್ಯಾಲೆ ಯಾರೂ ನನಗ ಉಣಿಸಿದ್ದಿಲ್ಲ.
ಕೇಳಿದೆ, ಬಾಯಿ, ಇದು ಎಷ್ಟನೇದು?
ಜ್ವರದಾಗ ಬಡಬಡಸ್ತಾಳ ಅಂತ ತಿಳಿದು
ಹಣೆಗೆ ಒದ್ದಿ ಅರಿವಿ ಹಾಕಿದ್ಲು.

ಇವತ್ತ ಮತ್ತ ನಾದಾಕ ಕುಂತೀನಿ.
ತ್ವಾಳ ಇನ್ನೂ ನಡಗ್ತಾವ.
ಏಳೋ ಎಂಟೋ ಆತು, ಎಣಿಕಿ ತಪ್ತು.
ಮೊದಲಿಂದ ಎಣಿಸು, ಅಂದ ಇವ.
ಬಿಡು, ಅಂದೆ. ಹಂಚು ಕಾದೈತಿ.