ಪಾದವಿಲ್ಲದ ಅಕ್ಷರ

ಹಾರ್ಲೆಮ್ಮಿನ ಕಾಲುವೆ ಹೆಪ್ಪುಗಟ್ಟಿದ ಆ ಚಳಿಗಾಲ
ನನಗೆ ಹನ್ನೊಂದು. ಕೆಲಸ: ಮೇಣದಬತ್ತಿ ಹಿಡಿಯುವುದು,
ಬಾಯಿ ಮುಚ್ಚಿಕೊಂಡಿರುವುದು.

ವೈಬ್ರಾಂಡ್ ಮೇಷ್ಟ್ರು ಉಕ್ಕಿನ ಕಡ್ಡಿಯ ತುದಿಗೆ
ಅಕ್ಷರ ಕೆತ್ತುತ್ತಿದ್ದರು, ತಿರುವುಮುರುವಾಗಿ,
ಸಾಸಿವೆಗಿಂತ ತುಸು ದೊಡ್ಡದು.
‘ನಿಲ್ಲುವುದಕ್ಕೆ ಪಾದ ಬೇಕು ಕಣೋ,’ ಅನ್ನುವರು,
‘ಇಲ್ಲದಿದ್ದರೆ ಸಾಲಿನಿಂದ ಜಾರುತ್ತದೆ,
ಕುಡಿದು ಮನೆಗೆ ಹೊರಟವನ ಹಾಗೆ.’
‘ಎನ್’ಗೆ ಎರಡು, ‘ಎಮ್’ಗೆ ಮೂರು.
ಪ್ರತಿ ಕಾಲಿನ ಬುಡಕ್ಕೂ ಕೂದಲೆಳೆಯಷ್ಟು ಚಾಚು,
ಅರದಿಂದ ಎರಡು ಸಲ ಉಜ್ಜಿ,
ಮೂರನೆಯದಕ್ಕೆ ಉಸಿರು ಬಿಗಿಹಿಡಿದು.

ಮೊದಲು ಕೆತ್ತಬೇಕಾದ್ದು ಒಳಗಿನ ಖಾಲಿಯನ್ನು.
ಅದಕ್ಕೆಂದೇ ಬೇರೆ ಉಳಿ, ಒಂದೇ ಪೆಟ್ಟು.
ಖಾಲಿ ಸರಿಯಾಗಿ ಕೂತರೆ
ಸುತ್ತಲಿನ ಉಕ್ಕು ತಾನೇ ಅಕ್ಷರವಾಗುತ್ತದಂತೆ.
ಆಗುತ್ತಿರಲಿಲ್ಲ. ನೋಡಿದ್ದೇನೆ, ವಾರಗಳೇ ಹಿಡಿಯುತ್ತಿದ್ದವು.

ಫೆಬ್ರವರಿ ಹೊತ್ತಿಗೆ ಬಲಗಣ್ಣಿಗೂ ಪೊರೆ ಬಂತು.
ಕಾಲಿದ್ದವೆಲ್ಲ ಮುಗಿದು, ಉರುಟಾದವು ಉಳಿದಿದ್ದವು.
ಅದರಲ್ಲೂ ಆ ‘ಏ’:
ಅರೆತೆರೆದ ಬಾಯಿ, ಮೇಲೊಂದು ಪುಟ್ಟ ಕಣ್ಣು,
ನಮ್ಮ ಮಾತಿನಲ್ಲಿ ಹೆಜ್ಜೆಗೊಮ್ಮೆ ಎಡತಾಕುವಂಥದ್ದು.

ಒಂದು ರಾತ್ರಿ ಮಗಳು ಹಿಲ್ಲೆಗೊಂಡ
ಹೆರಿಂಗ್ ಮೀನು ತೊಳೆದ ಕೈ ಲಂಗಕ್ಕೆ ಒರೆಸಿ
ಅಪ್ಪನ ಸ್ಟೂಲಿನ ಮೇಲೆ ಕೂತಳು.
‘ಹಿಡಿ,’ ಅಂದಳು. ಹಿಡಿದೆ.
ನಾಲ್ಕು ರಾತ್ರಿ. ಕರಗಿದ ಮೇಣ ನನ್ನ ಹೆಬ್ಬೆರಳ ಮೇಲೆ.
ಮೂರು ಕಡ್ಡಿ ಕಿಟಕಿಯಾಚೆ ಹಿಮಕ್ಕೆ ಹೋದವು.
ನಾಲ್ಕನೆಯದನ್ನು ಉರಿಗೊಡ್ಡಿ, ಮಸಿ ಹಿಡಿಸಿ,
ಕಾಗದಕ್ಕೆ ಒತ್ತಿದಳು.
ಕಣ್ಣಿನಡಿಯ ಅಡ್ಡಗೆರೆ ಒಂದಿಷ್ಟು ಓರೆ,
ಹೇಳಿದ್ದನ್ನು ನಂಬದವರ ಹುಬ್ಬಿನಂತೆ.
ಅವಳ ಹುಬ್ಬೂ ಹಾಗೇ.

ಬೆಳಿಗ್ಗೆ ಮೇಷ್ಟ್ರು ಅದರ ಮುಖವನ್ನು
ಹೆಬ್ಬೆರಳಿನ ಉಗುರಿನಿಂದ ಸವರಿದರು.
ಮತ್ತೆ ಸವರಿದರು.
‘ಮೀನಿನ ವಾಸನೆ,’ ಅಂದರು.
ಕೆಂಪಗೆ ಕಾಸಿ, ನೀರಿಗದ್ದಿ, ಮತ್ತೆ ಕಾಸಿದರು.
ಒಣಹುಲ್ಲಿನ ಬಣ್ಣ ಬಂದೊಡನೆ ನಾನು ಕೂಗಬೇಕು.
ಕೂಗಿದೆ.
ಉಳಿದವುಗಳ ಜೊತೆ ಪೆಟ್ಟಿಗೆಗೆ ಹಾಕಿದರು.

ಮಾದರಿ ಹಾಳೆಯ ಕೆಳಗೆ ಅಚ್ಚಾದದ್ದು ಒಂದೇ ಹೆಸರು.
ನನ್ನ ಕೆಲಸ ನನಗೆ ಗೊತ್ತಿತ್ತಲ್ಲ, ಸುಮ್ಮನಿದ್ದೆ.
ಆ ಮೊಳೆಗಳು ಎಲ್ಲೆಲ್ಲಿಗೋ ಹೋದವು:
ಪಾದ್ರಿಯ ಪ್ರವಚನಕ್ಕೆ, ಜ್ವರದ ಮದ್ದಿನ ಪುಸ್ತಕಕ್ಕೆ,
ದಿವಾಳಿಯೆದ್ದ ನಾರುಬಟ್ಟೆ ವ್ಯಾಪಾರಿಯ
ಕುರ್ಚಿ ಮಂಚಗಳ ಹರಾಜು ಪಟ್ಟಿಗೆ.
ಯಾರೂ ಅಕ್ಷರ ನೋಡಲಿಲ್ಲ.
ಕುರ್ಚಿಯ ಬೆಲೆ ನೋಡಿದರು.

ಮರುವರ್ಷ ಚರ್ಚಿಗೆ ಹೊಸ ಕೀರ್ತನೆಗಳ ಪುಸ್ತಕ ಬಂತು.
ಹಿಲ್ಲೆಗೊಂಡ ನನ್ನ ಮುಂದಿನ ಸಾಲಿನಲ್ಲಿ.
ಆರ್ಗನ್ ಮೊಳಗಿ, ಊರಿಗೆ ಊರೇ
ಮೂರನೆಯ ಚರಣಕ್ಕೆ ಬಂದಿತ್ತು.
ಅವಳ ಬೆರಳು ಇನ್ನೂ ಮೊದಲ ಸಾಲಿನಲ್ಲಿ,
ನಿಂತು, ಮುಂದೆ ಹೋಗಿ, ಮತ್ತೆ ನಿಂತು.
ತುಟಿ ಅಲುಗುತ್ತಿತ್ತು.
ಹಾಡುತ್ತಿರಲಿಲ್ಲ. ಎಣಿಸುತ್ತಿದ್ದಳು.